ಪ್ರಯಾಣಕ್ಕೆ ಜೇಬಿನ ಸಾಣೆಕಲ್ಲು: ಯಾವುದು ಒಯ್ಯಬೇಕು?

ಪ್ರಶ್ನೆ: ಮೂರು ವಾರದ ಪ್ರಯಾಣ, ಅರ್ಧ ದಿನಗಳು ಟೆಂಟಿನಲ್ಲಿ. ಜೊತೆಗೆ 9 ಸೆಂ.ಮೀ. ಅಲಗಿನ ಮಡಚುವ ಚಾಕು, 12 ಸೆಂ.ಮೀ.ನ ಅಡುಗೆ ಚಾಕು. ಎರಡೂ ಸ್ಟೇನ್‌ಲೆಸ್ ಸ್ಟೀಲ್. ಮನೆಯಲ್ಲಿ ನೀರಿನಲ್ಲಿ ನೆನೆಸುವ ದೊಡ್ಡ ಕಲ್ಲಿನ ಮೇಲೆ ಮಸೆದು ಅಭ್ಯಾಸವಿದೆ, ಅದನ್ನು ಹೊತ್ತುಕೊಂಡು ಹೋಗಲಾಗದು. ಜೇಬಿನಲ್ಲಿ ಕೂರುವಂಥದ್ದು ಬೇಕು. ಡೈಮಂಡ್ ಪ್ಲೇಟೋ, ಸೆರಾಮಿಕ್ಕೋ? ಗ್ರಿಟ್ (ಕಣ ಎಷ್ಟು ನುಣುಪೆಂದು ಹೇಳುವ ಸಂಖ್ಯೆ) ಎಷ್ಟಿರಬೇಕು? ಇಷ್ಟೆಲ್ಲ ಯಾಕೆ, ಸಂದಿಯಲ್ಲಿಟ್ಟು ಎಳೆಯುವ ಚಿಕ್ಕ ಶಾರ್ಪನರ್ ಸಾಲದೇ?

ಉತ್ತರ 1

ಕೊನೆಯದಕ್ಕೆ ಮೊದಲು ಉತ್ತರ: ಸಾಲದು. ಎಳೆಯುವ ಶಾರ್ಪನರಿನಲ್ಲಿ ಎರಡು ಕಾರ್ಬೈಡ್ ತುಂಡುಗಳು ಅಡ್ಡ ಕೂತಿರುತ್ತವೆ. ಅವು ಸ್ಟೀಲನ್ನು ಮಸೆಯುವುದಿಲ್ಲ, ಕೆರೆದು ತೆಗೆಯುತ್ತವೆ. ಆ ಕ್ಷಣಕ್ಕೆ ಹರಿತ ಅನಿಸುತ್ತದೆ, ಆದರೆ ಅಂಚು ಹರಿದ ಕಾಗದದ ಹಾಗೆ ಉಳಿದಿರುತ್ತದೆ, ಬೇಗ ಮೊಂಡಾಗುತ್ತದೆ. ಕೋನವೂ ನಿಮ್ಮದಲ್ಲ, ಅದರದ್ದು.

ಒಂದೇ ಒಂದು ಕಲ್ಲು ಒಯ್ಯುವುದಾದರೆ ಒಂದು ಮೈ ಡೈಮಂಡ್, ಇನ್ನೊಂದು ಮೈ ಸೆರಾಮಿಕ್ ಇರುವುದನ್ನು ತಗೊಳ್ಳಿ. ಫಾಲ್‌ಕ್ನಿವೆನ್ ಕಂಪನಿಯ ಡಿಸಿ4 ಈ ಜಾತಿಯದು: 100 ಮಿ.ಮೀ. ಉದ್ದ, 32 ಅಗಲ, 7 ದಪ್ಪ. ಡೈಮಂಡ್ ಮೈಯ ಕಣ 25 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ಅದರ ತಮ್ಮ ಡಿಸಿ3 75 ಮಿ.ಮೀ. ಉದ್ದ, 25 ಅಗಲ. ಅಳತೆಯಲ್ಲಿ ಸಣ್ಣ ವ್ಯತ್ಯಾಸ, ಕೈಯಲ್ಲಿ ದೊಡ್ಡ ವ್ಯತ್ಯಾಸ. 32 ಮಿ.ಮೀ. ಅಗಲವಿದ್ದರೆ ಬೆರಳು ಎರಡೂ ಪಕ್ಕದಲ್ಲಿ, ಮೇಲ್ಮೈಗಿಂತ ಕೆಳಗೆ ನಿಲ್ಲುತ್ತದೆ. 25ಕ್ಕೆ ಇಳಿದರೆ ಬೆರಳ ತುದಿ ಮೇಲೆ ಇಣುಕುತ್ತದೆ, ಅಲಗು ಬರುವುದು ಅಲ್ಲಿಗೇ. 12 ಸೆಂ.ಮೀ. ಅಲಗಿಗೆ ಚಿಕ್ಕದನ್ನು ಆರಿಸಬೇಡಿ.

ಗ್ರಿಟ್ ಸಂಖ್ಯೆ ನಂಬಿ ಕೊಳ್ಳಬೇಡಿ, ಮೈಕ್ರಾನ್ ಎಷ್ಟೆಂದು ನೋಡಿ. ಡಿಎಂಟಿ ಎಂಬ ಕಂಪನಿಯವರ ಡೈಮಂಡ್ ಪ್ಲೇಟಿನಲ್ಲಿ 1200 ಅಂದರೆ 9 ಮೈಕ್ರಾನ್, ಉಪ್ಪುಕಾಗದದ ಪಿ1200 ಅಂದರೆ ಸುಮಾರು 15. ಅದೇ ಸಂಖ್ಯೆ, ಬೇರೆ ಬೇರೆ ಕಣ. ಡಿಎಂಟಿಯಲ್ಲಿ ಬಣ್ಣ ನೋಡಿದರೆ ಸಾಕು: ನೀಲಿ 45 ಮೈಕ್ರಾನ್, ಕೆಂಪು 25, ಹಸಿರು 9. ಇವರದೇ ಮಡಚುವ ಪ್ಲೇಟು ಡಯಾ-ಫೋಲ್ಡಿನಲ್ಲಿ ಹಿಡಿ ಚಿಟ್ಟೆಯ ರೆಕ್ಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಮಡಚಿದರೆ ಪ್ಲೇಟು ಒಳಗೆ. ಬೆರಳು ದೂರ ಉಳಿಯುತ್ತದೆ. ಎರಡು ಮೈಯದು ಕೆಂಪು-ಹಸಿರು ಸಿಕ್ಕರೆ ಪ್ರಯಾಣಕ್ಕೆ ಅದೂ ಒಳ್ಳೆಯ ಜೋಡಿ. ನೀಲಿ ಒಯ್ಯುವ ಅಗತ್ಯವಿಲ್ಲ, ಅದು ಅಂಚು ಮುರಿದ ಚಾಕುವಿಗೆ.

ಉತ್ತರ 2

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಮೂರು ವಾರಕ್ಕೆ ಡೈಮಂಡ್ ಬೇಕೇ ಬೇಕು ಅನ್ನುವುದು ಅತಿಯಾಯಿತು. ಚಾಕು ಮನೆಯಿಂದ ಹರಿತವಾಗಿಯೇ ಹೊರಟರೆ ದಾರಿಯಲ್ಲಿ ಮಾಡುವ ಕೆಲಸ ಮಸೆಯುವುದಲ್ಲ, ಎರಡು ದಿನಕ್ಕೊಮ್ಮೆ ನಾಲ್ಕು ಸಲ ಸವರುವುದು. ಅದಕ್ಕೆ ನುಣ್ಣನೆಯ ಸೆರಾಮಿಕ್ ಸಾಕು. ನೀರು ಬೇಡ, ಎಣ್ಣೆ ಬೇಡ, ನೆನೆಸುವುದಿಲ್ಲ, ನಡುವೆ ಸವೆದು ತಗ್ಗಾಗುವುದೂ ಇಲ್ಲ. ನೆನೆಸುವ ಕಲ್ಲಿನ ತುಂಡು ತರಬೇಡಿ. ಒದ್ದೆ ಕಲ್ಲು ಬಟ್ಟೆಯ ಮಧ್ಯೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ಡೈಮಂಡ್ ನಿಜವಾಗಿ ಬೇಕಾಗುವುದು ಸ್ಟೀಲ್ ಗಟ್ಟಿಯದಾದಾಗ. ಎಸ್30ವಿ, ಎಸ್90ವಿ ತರಹದ ಸ್ಟೀಲಿನಲ್ಲಿ ವೆನೇಡಿಯಂ ಕಾರ್ಬೈಡ್ ಕಣಗಳಿರುತ್ತವೆ. ಅವು ಸೆರಾಮಿಕ್ಕಿನ ಅಲ್ಯುಮಿನಾಕ್ಕಿಂತ ಗಟ್ಟಿ. ಆದ್ದರಿಂದ ಸೆರಾಮಿಕ್ ಸುತ್ತಲಿನ ಸ್ಟೀಲನ್ನು ಸವೆಸಿ ಕಣವನ್ನು ಹಾಗೇ ಬಿಡುತ್ತದೆ, ಡೈಮಂಡ್ ಎರಡನ್ನೂ ಕತ್ತರಿಸುತ್ತದೆ. ನಿಮ್ಮದು ಸಾಮಾನ್ಯ ಅಡುಗೆ ಚಾಕುವಿನ ಸ್ಟೀಲಾದರೆ ಈ ತಲೆನೋವಿಲ್ಲ.

ಸೆರಾಮಿಕ್ಕಿನ ದೋಷ ಎರಡು. ಕಲ್ಲುನೆಲದ ಮೇಲೆ ಬಿದ್ದರೆ ಎರಡು ತುಂಡು. ಮತ್ತೆ, ಮೇಲೆ ಬೂದು ಗೆರೆ ಮೂಡುತ್ತದೆ. ಅದು ಕೊಳೆಯಲ್ಲ, ಸ್ಟೀಲಿನ ಪುಡಿ. ಅದು ತುಂಬಿಕೊಂಡರೆ ಕಲ್ಲು ಜಾರುತ್ತದೆ, ಮಸೆಯುವುದಿಲ್ಲ, ಜನ ಆಗ ಇನ್ನೂ ಜೋರಾಗಿ ಒತ್ತುತ್ತಾರೆ. ಶಾಲೆಯ ಪೆನ್ಸಿಲ್ ರಬ್ಬರಿನಿಂದ ಒಣಗಿದ್ದಾಗಲೇ ಉಜ್ಜಿದರೆ ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಪಾತ್ರೆ ತೊಳೆಯುವ ಪುಡಿ, ನೈಲಾನ್ ಸ್ಕ್ರಬ್ಬರ್.

ಉತ್ತರ 3

ಯಾವ ಕಲ್ಲು ಅನ್ನುವುದಕ್ಕಿಂತ ಹೇಗೆ ಹಿಡಿಯುತ್ತೀರಿ ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಮನೆಯ ದೊಡ್ಡ ಕಲ್ಲಿನ ಮೇಲಿನ ಕೈಚಳಕ ಜೇಬಿನ ಕಲ್ಲಿಗೆ ಹೊಂದುವುದಿಲ್ಲ.

ಕಲ್ಲನ್ನು ಮೇಜಿನ ತುದಿಗೆ, ಅಥವಾ ಚಪ್ಪಟೆ ಮರದ ತುಂಡಿನ ಮೇಲೆ, ಒದ್ದೆ ಬಟ್ಟೆ ಹಾಸಿ ಇಡಿ. ಕೋನವನ್ನು ಚಾಕುವಿನ ಬೆನ್ನಿನ (ಅಂಚಿಗೆ ಎದುರಿನ ದಪ್ಪ ಬದಿಯ) ಎತ್ತರದಲ್ಲಿ ಅಳೆಯಿರಿ. ಅಲಗಿನ ಅಗಲ 25 ಮಿ.ಮೀ. ಇದ್ದರೆ, 20 ಡಿಗ್ರಿಗೆ ಬೆನ್ನು ಕಲ್ಲಿನಿಂದ ಸುಮಾರು 8.5 ಮಿ.ಮೀ. ಮೇಲಿರಬೇಕು, 15 ಡಿಗ್ರಿಗೆ 6.5. ಈ ದಪ್ಪಕ್ಕೆ ನಾಣ್ಯಗಳನ್ನು ಪೇರಿಸಿ ಬೆನ್ನಿನ ಕೆಳಗಿಟ್ಟು ಒಮ್ಮೆ ನೋಡಿದರೆ ಕಣ್ಣಿಗೆ ಕೋನ ಕೂರುತ್ತದೆ. ಕಂಪನಿ ಕೊಟ್ಟ ಕೋನ ಗೊತ್ತಿಲ್ಲವೇ? ಅಂಚಿಗೆ ಪರ್ಮನೆಂಟ್ ಮಾರ್ಕರ್ ಬಳಿದು ಎರಡು ಸಲ ಸವರಿ. ಮಸಿ ತುಟ್ಟತುದಿಯವರೆಗೂ ಹೋದರೆ ಕೋನ ಸರಿ. ತುದಿಯಲ್ಲಿ ಮಸಿ ಉಳಿದು ಮೇಲುಭಾಗ ಬೆಳ್ಳಗಾದರೆ ಬೆನ್ನು ಇಳಿದಿದೆ. ತುದಿಯಷ್ಟೇ ಹೊಳೆದರೆ ಬೆನ್ನು ಎತ್ತರವಾಗಿದೆ.

12 ಸೆಂ.ಮೀ. ಅಲಗು 10 ಸೆಂ.ಮೀ. ಕಲ್ಲಿನ ಮೇಲೆ ಒಂದೇ ಉಸಿರಿಗೆ ಸರಿಯಾಗಿ ಹಾಯುವುದಿಲ್ಲ. ಹಿಡಿಯ ಕಡೆಯ ಅರ್ಧ, ಮೊನೆಯ ಕಡೆಯ ಅರ್ಧ ಎಂದು ಭಾಗ ಮಾಡಿಕೊಳ್ಳಿ, ನಡುವೆ 2 ಸೆಂ.ಮೀ. ಎರಡಕ್ಕೂ ಸೇರಲಿ. ಹೊಟ್ಟೆ ಬಾಗಿದ ಕಡೆ ಹಿಡಿಯನ್ನು ಸ್ವಲ್ಪ ಮೇಲೆತ್ತಬೇಕು, ಇಲ್ಲದಿದ್ದರೆ ಅಲ್ಲಿ ಕಲ್ಲು ತಾಗುವುದೇ ಇಲ್ಲ. ಮೊನೆ ಕಲ್ಲಿನಿಂದ ಜಾರಿ ಹೊರಬೀಳದಂತೆ ಅಂಚಿನ ಒಳಗೇ ನಿಲ್ಲಿಸಿ. ಜಾರಿದಾಗೆಲ್ಲ ಮೊನೆ ದುಂಡಾಗುತ್ತದೆ.

ಕೂರಲು ಜಾಗವೇ ಇಲ್ಲದಿದ್ದರೆ ಚಾಕುವನ್ನು ತೊಡೆಗೆ ಆನಿಸದೆ, ಬೆನ್ನನ್ನು ಮರಕ್ಕೋ ಮೇಜಿಗೋ ಒತ್ತಿ ನಿಲ್ಲಿಸಿ ಕಲ್ಲನ್ನೇ ಆಡಿಸಿ. ಆಗ ಕಲ್ಲು ಬೆನ್ನಿನಿಂದ ಅಂಚಿನ ಕಡೆಗೆ ಹೋಗಲಿ, ಬೆರಳು ಅಂಚಿಗೆ ಎದುರಾಗಬಾರದು.

ಡೈಮಂಡಿನ ಮೇಲೆ ಭಾರ ಹಾಕಲೇಬೇಡಿ. ಕಣಗಳು ನಿಕ್ಕಲ್ ಪದರದಲ್ಲಿ ಕೂತಿರುತ್ತವೆ, ಒತ್ತಿದರೆ ಕಿತ್ತು ಬರುತ್ತವೆ, ಪ್ಲೇಟು ಬೋಳಾಗುತ್ತದೆ. ಹೊಸದರಲ್ಲಿ ಒರಟಾಗಿ ಗೀರುವುದು ಸಹಜ, ಕೆಲವು ಸಲ ಬಳಸಿದ ಮೇಲೆ ಪಳಗುತ್ತದೆ. ಅದನ್ನು ನೋಡಿ ಕೆಟ್ಟ ಮಾಲು ಅಂತ ಎಸೆಯಬೇಡಿ.

ಕ್ರೆಡಿಟ್ ಕಾರ್ಡಿನಷ್ಟು ತೆಳುವಾದ ಪ್ಲೇಟುಗಳು ಜೇಬಿಗೆ ಚೆಂದ, ಕೈಗೆ ಅಪಾಯ. ಹಿಡಿಯಲು ಪಕ್ಕವೇ ಇಲ್ಲ, ಒತ್ತಿದರೆ ಬಾಗುತ್ತವೆ. ಇದ್ದದ್ದು ಅದೇ ಆದರೆ ಎರಡು ಮೈ ಅಂಟುವ ಟೇಪಿನಿಂದ 10 ಮಿ.ಮೀ. ದಪ್ಪದ ಮರದ ಪಟ್ಟಿಗೆ ಅಂಟಿಸಿ.

ಕೇಳಿದವರು ಮತ್ತೆ: ತುಂಬಾ ಉಪಯೋಗವಾಯಿತು. ಇನ್ನೊಂದು ಸಂಶಯ. ಚಿಕ್ಕ ಕಲ್ಲಿನಲ್ಲಿ ಮಸೆದ ಕೂಡಲೇ ಕಾಗದ ಸೀಳುತ್ತದೆ, ಮಾರನೇ ದಿನ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಯಾಕೆ?

ಉತ್ತರ 4

ಬರ್ ಉಳಿದಿದೆ, ಅಷ್ಟೇ. ಬರ್ ಅಂದರೆ ಮಸೆಯುವಾಗ ಅಂಚಿನ ಆಚೆ ಬದಿಗೆ ಮಡಚಿಕೊಳ್ಳುವ ಸ್ಟೀಲಿನ ತೆಳು ಎಳೆ. ಅದು ನೆಟ್ಟಗೆ ನಿಂತಿರುವವರೆಗೆ ಕಾಗದ ಕತ್ತರಿಸುತ್ತದೆ, ಹಲಗೆ ತಾಗಿದ ಕೂಡಲೇ ಮಲಗುತ್ತದೆ.

ಹೆಬ್ಬೆರಳ ಮೆತ್ತನೆಯ ಭಾಗವನ್ನು ಬೆನ್ನಿನಿಂದ ಅಂಚಿನ ಕಡೆಗೆ, ಹೊರಕ್ಕೆ ಸರಿಸಿ ನೋಡಿ (ಅಂಚಿನ ಉದ್ದಕ್ಕೆ ಎಂದೂ ಅಲ್ಲ). ತುದಿಯಲ್ಲಿ ಚರ್ಮಕ್ಕೆ ಏನೋ ಕೊಂಡಿಯ ಹಾಗೆ ಸಿಕ್ಕಿದರೆ ಬರ್ ಇದೆ. 25 ಮೈಕ್ರಾನಿನ ಮೈಯಲ್ಲಿ ಒಂದು ಕಡೆ ಮಸೆದು ಆಚೆ ಬದಿಯಲ್ಲಿ ಉದ್ದಕ್ಕೂ ಬರ್ ಎದ್ದ ಮೇಲಷ್ಟೇ ಮಗ್ಗುಲು ಬದಲಿಸಿ. ಸಾಧಾರಣ ಮೊಂಡಾದ ಚಾಕುವಿಗೆ ಒಂದೊಂದು ಕಡೆ 15ರಿಂದ 20 ಸಲ ಸಾಕು. ಅರ್ಧ ಉದ್ದಕ್ಕೆ ಎದ್ದು ಅರ್ಧಕ್ಕೆ ಏಳದಿದ್ದರೆ ಆ ಅರ್ಧ ಇನ್ನೂ ಮೊಂಡೇ.

ಆಮೇಲೆ ಸೆರಾಮಿಕ್ ಮೈಯಲ್ಲಿ ಒಂದು ಸಲ ಎಡ, ಒಂದು ಸಲ ಬಲ, ಹೀಗೆ ಹತ್ತು. ಕೊನೆಯ ಐದನ್ನು ಬೆನ್ನು ಕೂದಲೆಳೆಯಷ್ಟು ಎತ್ತಿ, ಚಾಕುವಿನ ತೂಕದಷ್ಟೇ ಭಾರದಲ್ಲಿ ಸವರಿ. ಬರ್ ಬುಡದಲ್ಲೇ ಕತ್ತರಿಸಿಹೋಗುತ್ತದೆ. ಜೋರಾಗಿ ಒತ್ತಿದರೆ ಅದು ಆಚೆಗೊಮ್ಮೆ ಈಚೆಗೊಮ್ಮೆ ಮಡಚುತ್ತದೆಯೇ ಹೊರತು ಬೀಳುವುದಿಲ್ಲ. ಕೊನೆಗೆ ಚರ್ಮದ ಬೆಲ್ಟಿನ ಒಳಮೈ ಮೇಲೆ, ಅಥವಾ ಕಲ್ಲಿನ ಚರ್ಮದ ಚೀಲದ ಮೇಲೆ, ಬೆನ್ನು ಮುಂದೆ ಅಂಚು ಹಿಂದೆ ಮಾಡಿ ಹತ್ತು ಸಲ ಎಳೆಯಿರಿ.

ನೋಡಲು ಟಾರ್ಚ್ ಸಾಕು. ಅಂಚನ್ನು ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ. ಹರಿತವಾದ ಅಂಚು ಬೆಳಕನ್ನು ತಿರುಗಿಸುವುದಿಲ್ಲ, ಕಪ್ಪು ಗೆರೆಯಂತೆ ಕಾಣುತ್ತದೆ. ಎಲ್ಲಿ ಬಿಳಿ ಚುಕ್ಕೆ ಮಿನುಗುತ್ತದೋ ಅಲ್ಲಿ ಮೊಂಡು, ಅಥವಾ ಬರ್.

ಉತ್ತರ 5

ಎರಡು ಮಾತು ಸೇರಿಸುತ್ತೇನೆ. ಕಲ್ಲು ಕಳೆದುಹೋದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದಲ್ಲ, ಅದೇ ಸೆರಾಮಿಕ್ ಕಲ್ಲು. ಇಲ್ಲವೇ ನೀರು ತಾಳುವ ಉಪ್ಪುಕಾಗದದ ಪಿ600, ಪಿ1000 ಹಾಳೆ ಒಂದೊಂದು ಪುಸ್ತಕದ ಮಧ್ಯೆ ಇಟ್ಟುಕೊಳ್ಳಿ, ತೂಕವೇ ಇಲ್ಲ. ಗಾಜಿನ ಮೇಲೋ ನಯವಾದ ಹಲಗೆಯ ಮೇಲೋ ಹಾಸಿ ಬೆನ್ನು ಮುಂದಾಗಿ ಎಳೆಯಿರಿ. ಅಂಚು ಮುಂದಾಗಿ ತಳ್ಳಿದರೆ ಕಾಗದ ಸೀಳುತ್ತದೆ.

ವಿಮಾನವಾದರೆ ಚಾಕು ಚೆಕ್-ಇನ್ ಚೀಲದಲ್ಲೇ, ಅಂಚಿಗೆ ಹೊದಿಕೆ ಹಾಕಿ. ಕಲ್ಲನ್ನೂ ಅದರ ಜೊತೆಗೇ ಹಾಕುವುದು ನೆಮ್ಮದಿ. ಡೈಮಂಡ್ ಮೈ ಪಕ್ಕದ ಕನ್ನಡಕ, ಮೊಬೈಲ್ ಗಾಜು ಎಲ್ಲವನ್ನೂ ಗೀರುತ್ತದೆ, ಬರಿದಾಗಿ ಚೀಲಕ್ಕೆ ಹಾಕಬೇಡಿ. ಮಸೆದ ಮೇಲೆ ಮಡಚುವ ಚಾಕುವಿನ ಕೀಲನ್ನು ಒರೆಸಿ, ಸ್ಟೀಲಿನ ಪುಡಿ ಅಲ್ಲಿ ಸೇರಿದರೆ ತೆರೆಯುವಾಗ ಕರಕರ ಅನ್ನುತ್ತದೆ. ಅಡುಗೆ ಚಾಕುವನ್ನು ತೊಳೆಯದೆ ಹಣ್ಣಿಗೆ ಹಚ್ಚಬೇಡಿ, ಆ ಬೂದು ಪುಡಿ ಕಣ್ಣಿಗೆ ಕಾಣದಷ್ಟು ಇದ್ದರೂ ಹೋಳಿನ ಮೇಲೆ ಗೆರೆ ಬಿಡುತ್ತದೆ.