ಸಹಾಯ ಬೇಕು: ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕೇ, ಬೇರೆ ಆಂಟಿವೈರಸ್ ಹಾಕಬೇಕೇ?

ವಿಂಡೋಸ್ 11, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಅಲ್ಲ, ಸುತ್ತುವ ಹಾರ್ಡ್‌ಡಿಸ್ಕ್. ಬಳಸುವವರು ಮೂವರು, ಪೆನ್‌ಡ್ರೈವ್ ಓಡಾಟ ಜಾಸ್ತಿ.

ತೊಂದರೆ ಇಷ್ಟೇ: ಡಿಫೆಂಡರ್ ಸ್ಕ್ಯಾನ್ ಶುರುವಾದ ಕೂಡಲೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರದೇ ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಮೇಲಕ್ಕೆ ಬಂದು ಕೂರುತ್ತೆ, ಡಿಸ್ಕ್ 100% ಮುಟ್ಟುತ್ತೆ, ಮೌಸ್ ಕೂಡ ತಡವರಿಸುತ್ತೆ. ಪವರ್‌ಶೆಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಸ್ಕ್ಯಾನ್‌ನ ಸಿಪಿಯು ಮಿತಿಯನ್ನು 50ರಿಂದ 20ಕ್ಕೆ ಇಳಿಸಿ ಆಯಿತು. ಆ ಮಿತಿ ಪ್ರೊಸೆಸರ್‌ಗೆ ಮಾತ್ರ, ಡಿಸ್ಕ್‌ಗಲ್ಲ, ಹಾಗಾಗಿ ಏನೂ ಬದಲಾಗಲಿಲ್ಲ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಸ್ಕ್ಯಾನ್ ಸಮಯವನ್ನು ರಾತ್ರಿಗೆ ತಳ್ಳಿದೆ, ಆದರೆ ರಾತ್ರಿ ಕಂಪ್ಯೂಟರ್ ಆಫ್ ಇರುತ್ತೆ!

ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿಯೇ ಹಿಂದೆ ಸರಿಯುತ್ತೆ, ಗೊತ್ತು. ಅದರ ಜೊತೆಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ತಡೆಯುವ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಕೂಡ ಕೆಲಸ ನಿಲ್ಲಿಸುತ್ತೆ. ಫೋಟೊಗಳ ಫೋಲ್ಡರ್‌ಗೆ ಈಗ ಅದೇ ಕಾವಲು, ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಎರಡನ್ನೂ ಒಟ್ಟಿಗೆ ಓಡಿಸಿ ಅನ್ನೋ ಸಲಹೆ ದಯವಿಟ್ಟು ಬೇಡ: ಒಂದೇ ಫೈಲ್ ತೆರೆಯುವಾಗ ಎರಡೂ ಅಡ್ಡ ಹಾಕುತ್ತವೆ, ಡಿಸ್ಕ್ ಇನ್ನೂ ನರಳುತ್ತೆ.

ತಿಳಿದವರು ಹೇಳಿ:

ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಎವಿ-ಟೆಸ್ಟ್ ಸಂಸ್ಥೆಯ ಅಂಕಪಟ್ಟಿಯಲ್ಲಿ ರಕ್ಷಣೆ, ವೇಗ, ಬಳಕೆ ಮೂರಕ್ಕೂ ತಲಾ ಗರಿಷ್ಠ 6 ಅಂಕ. ವೇಗಕ್ಕೆ 6 ಪಡೆದದ್ದು ಹಾರ್ಡ್‌ಡಿಸ್ಕ್‌ನಲ್ಲೂ ಹಗುರವಾಗಿರುತ್ತಾ?

ಪೆನ್‌ಡ್ರೈವ್ ಹಾಕಿದ ತಕ್ಷಣ ಅದನ್ನಷ್ಟೇ ಸ್ಕ್ಯಾನ್ ಮಾಡುವಂತೆ ಯಾವುದರಲ್ಲಿ ಹೊಂದಿಸಬಹುದು? ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, ‘ಕ್ಲೀನರ್’ ಯಾವುದೂ ಬೇಡ.

ಅಥವಾ ಆಂಟಿವೈರಸ್ ಗೊಡವೆ ಬಿಟ್ಟು ಎಸ್‌ಎಸ್‌ಡಿ ಹಾಕಿಸುವುದೇ ಸರಿಯಾ? ನನಗಂತೂ ಅದೇ ಅನುಮಾನ.