ಬಾತ್ ಪಕ್ಷ ಕಟ್ಟಿದವರನ್ನೇ ಸಿರಿಯಾ ಯಾಕೆ ಓಡಿಸಿತು?

ಬದಿಯಡ್ಕದವ:
ನಮ್ಮ ಮಾವ 80ರ ದಶಕದಲ್ಲಿ ಬಾಗ್ದಾದಿನಲ್ಲಿ ಕೆಲಸಕ್ಕಿದ್ದರು. ಮೊನ್ನೆ ಮಾತಿನ ಮಧ್ಯೆ ಮೈಕೆಲ್ ಅಫ್ಲಾಕ್ ಹೆಸರು ಹೇಳಿದರು. ಸಿರಿಯಾದವರು, ಕ್ರೈಸ್ತರು, ಅರಬ್ ದೇಶಗಳೆಲ್ಲ ಒಂದಾಗಬೇಕು ಅನ್ನುವ ಬಾತ್ ಪಕ್ಷದ ಸ್ಥಾಪಕರು. ಆದ್ರೆ ಅವರ ಸಮಾಧಿ ಇದ್ದದ್ದು ಬಾಗ್ದಾದಿನಲ್ಲಂತೆ! ಸಿರಿಯಾವನ್ನು ಅಷ್ಟು ವರ್ಷ ಆಳಿದ್ದೂ ಬಾತ್ ಪಕ್ಷವೇ ಅಲ್ವಾ? ಸ್ಥಾಪಕನಿಗೇ ಊರಲ್ಲಿ ಜಾಗ ಇಲ್ಲದ್ದು ಹೇಗೆ? 1964ರಲ್ಲಿ ನಮ್ಮಲ್ಲಿ ಕಮ್ಯುನಿಸ್ಟರು ಎರಡಾದ ಹಾಗೆ ಏನಾದ್ರೂ ಆಯ್ತಾ?

ಉಪ್ಪಳದ ಓದುಗ:
ಎರಡಾದದ್ದು ಹೌದು. ಆದ್ರೆ ಇಲ್ಲಿಯ ಹಾಗೆ ಬೈದಾಡಿಕೊಂಡು ಬೇರೆ ಆಫೀಸು ತೆರೆದು ಮುಗಿಯಲಿಲ್ಲ ಮಾರಾಯ್ರೇ, ಅಲ್ಲಿ ಸೈನ್ಯವೇ ಬೀದಿಗಿಳಿಯಿತು.

ಅಫ್ಲಾಕ್ ಮತ್ತು ಅವರ ಜೊತೆ ಪಕ್ಷ ಕಟ್ಟಿದ ಸಲಾಹುದ್ದೀನ್ ಬಿತಾರ್ ಇಬ್ಬರೂ ಡಮಾಸ್ಕಸ್‌ನವರು, ಪ್ಯಾರಿಸ್‌ನಲ್ಲಿ ಓದಿ ಬಂದು ಮೇಷ್ಟ್ರಾದವರು. ಪಕ್ಷದ ಮೊದಲ ಸಮ್ಮೇಳನ ನಡೆದದ್ದು 1947ರ ಏಪ್ರಿಲ್‌ನಲ್ಲಿ. ಏಕತೆ, ಸ್ವಾತಂತ್ರ್ಯ, ಸಮಾಜವಾದ ಅನ್ನುವುದು ಘೋಷಣೆ. 1958ರಲ್ಲಿ ಸಿರಿಯಾ ಮತ್ತು ಈಜಿಪ್ಟ್ ಒಂದಾದಾಗ ಈಜಿಪ್ಟ್‌ನ ನಾಯಕ ನಾಸರ್ ಪಕ್ಷಗಳೇ ಬೇಡ ಅಂದರು, ಇವರು ಒಪ್ಪಿ ತಮ್ಮ ಪಕ್ಷವನ್ನು ವಿಸರ್ಜಿಸಿಬಿಟ್ಟರು. ಎಡವಟ್ಟಾದದ್ದು ಅಲ್ಲೇ ಅಂತ ನನ್ನ ಲೆಕ್ಕ. ಸಿಟ್ಟಾದ ಕೆಲವು ಸಿರಿಯನ್ ಅಧಿಕಾರಿಗಳು, ಸಲಾಹ್ ಜದೀದ್, ಹಾಫಿಜ್ ಅಸ್ಸಾದ್ ಮುಂತಾದವರು, ಕೈರೋದಲ್ಲಿ ಕೂತು ಗುಟ್ಟಾಗಿ ಸೈನಿಕ ಸಮಿತಿ ಮಾಡಿಕೊಂಡರು. 1963ರಲ್ಲಿ ಸಿರಿಯಾದಲ್ಲಿ ಸೈನಿಕ ಕ್ರಾಂತಿಯಾಗಿ ಪಕ್ಷ ಅಧಿಕಾರಕ್ಕೆ ಬಂತು, ಬಂದೂಕು ಮಾತ್ರ ಈ ಸಮಿತಿಯವರ ಕೈಯಲ್ಲೇ ಉಳಿಯಿತು. 1966ರ ಫೆಬ್ರವರಿ 23ರಂದು ಅವರು ಹಳಬರನ್ನು ಹೊರಹಾಕಿದರು. ಆಗ ಪ್ರಧಾನಿಯಾಗಿದ್ದವರು ಇದೇ ಬಿತಾರ್! ಅಫ್ಲಾಕ್ ದೇಶ ಬಿಟ್ಟರು. 1971ರಲ್ಲಿ ಸಿರಿಯಾ ಅವರ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತು.

ಕುಂಬಳೆ ಮೇಷ್ಟ್ರು:
ಪಾಪ ಅನ್ನುವ ಮೊದಲು ಇದನ್ನೂ ನೋಡಿ. 1968ರಲ್ಲಿ ಇರಾಕ್‌ನಲ್ಲಿ ಬಾತ್‌ನ ಇನ್ನೊಂದು ಬಣ ಅಧಿಕಾರ ಹಿಡಿಯಿತು, ಅಫ್ಲಾಕ್‌ರನ್ನು ಕರೆದು ದೊಡ್ಡ ಹುದ್ದೆ ಕೊಟ್ಟಿತು. ಅಧಿಕಾರ ಏನೂ ಇರಲಿಲ್ಲ. ಡಮಾಸ್ಕಸ್‌ನವರ ಎದುರು 'ಸ್ಥಾಪಕರು ನಮ್ಮ ಜೊತೆ ಇದ್ದಾರೆ' ಅಂತ ತೋರಿಸಲಿಕ್ಕೆ ಸದ್ದಾಂಗೆ ಒಂದು ಹೆಸರು ಬೇಕಿತ್ತು, ಅಷ್ಟೇ. ಇವರೂ ಸುಮ್ನೆ ಕೂತರು. ಆ ಸರ್ಕಾರ ಸ್ವಂತ ಜನರ ಮೇಲೆ ಮಾಡಿದ್ದು ಇವರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. 1989ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಮೇಲೆ, ಅವರು ಇಸ್ಲಾಂಗೆ ಸೇರಿದ್ದರು ಅಂತ ಬಾಗ್ದಾದ್ ಸಾರಿತು. ಅದು ನಿಜವೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಬದಿಯಡ್ಕದವ:
ಓ ಹಾಗಾ! ಬಿತಾರ್ ಕಥೆ ಏನಾಯ್ತು?

ಉಪ್ಪಳದ ಓದುಗ:
ನನ್ನ ಕೇಳಿದ್ರೆ ಅಫ್ಲಾಕ್‌ಗಿಂತ ಅವರ ಬದುಕೇ ಓದಬೇಕಾದ್ದು. ಅವರು ಬಾಗ್ದಾದಿನ ಆಸರೆಯಲ್ಲಿ ಉಳಿಯಲಿಲ್ಲ. 1978ರಲ್ಲಿ ಡಮಾಸ್ಕಸ್‌ಗೆ ಹೋಗಿ, ಆಗ ಸಿರಿಯಾದ ಅಧ್ಯಕ್ಷರಾಗಿದ್ದ ಅಸ್ಸಾದ್ ಜೊತೆ ಮಾತಾಡಿದರು, ಹೊಂದಾಣಿಕೆ ಆಗಲಿಲ್ಲ. ಮತ್ತೆ ಪ್ಯಾರಿಸ್‌ಗೆ ಬಂದು ಪತ್ರಿಕೆ ಶುರುಮಾಡಿ ಅಸ್ಸಾದ್ ಆಡಳಿತವನ್ನು ಟೀಕಿಸಿ ಬರೆದರು. 1980ರ ಜುಲೈ 21ರಂದು ಅಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಜನ ಬೆರಳು ತೋರಿಸಿದ್ದು ಸಿರಿಯಾ ಕಡೆಗೆ.

ಇನ್ನು ಇವರನ್ನೆಲ್ಲ ಓಡಿಸಿದ ಜದೀದ್? 1970ರಲ್ಲಿ ಗೆಳೆಯ ಅಸ್ಸಾದ್ ಅವರನ್ನೂ ಹಿಡಿದು ಮೆಜ್ಜೆ ಜೈಲಿಗೆ ಹಾಕಿದರು. ಸಾಯುವ ತನಕ, ಅಂದ್ರೆ 1993ರ ವರೆಗೂ, ಬಿಡಲೇ ಇಲ್ಲ.