ಇಂಕ್‌ಸ್ಕೇಪ್ ಕಲಿಯುತ್ತಿರುವ ವಿದ್ಯಾರ್ಥಿನಿಯರ ಹೊಸ ಬಳಗಕ್ಕೆ ನಾನು ಹೇಗೆ ನೆರವಾಗಬಹುದು?

ಪ್ರಶ್ನೆ: ಉಪನ್ಯಾಸಕಿ, ಧಾರವಾಡ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ವಿದ್ಯಾರ್ಥಿನಿಯರಿಗೆ ಪಾಠ ಹೇಳುತ್ತೇನೆ. ಈ ವರ್ಷ ಮೂರನೆಯ ಸೆಮಿಸ್ಟರ್‌ನ ಹದಿನಾಲ್ಕು ಹುಡುಗಿಯರು ತಾವಾಗಿಯೇ ಮುಂದೆ ಬಂದು, ಕಂಪ್ಯೂಟರಿನಲ್ಲಿ ಚಿತ್ರ ಮತ್ತು ವಿನ್ಯಾಸ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್ ಕಲಿಯಲು ಒಂದು ಬಳಗ ಕಟ್ಟಿಕೊಂಡಿದ್ದಾರೆ. ಶನಿವಾರ ಮಧ್ಯಾಹ್ನ ಎರಡು ಗಂಟೆಗಳ ಕಾಲ ಲ್ಯಾಬ್ ಬಿಟ್ಟುಕೊಡಲು ಪ್ರಾಂಶುಪಾಲರು ಒಪ್ಪಿದ್ದಾರೆ. ವರ್ಷವರ್ಷವೂ ಹಣ ಕಟ್ಟಬೇಕಾದ ತಂತ್ರಾಂಶವನ್ನು ಕಲಿಸಿದರೆ ಕಾಲೇಜು ಬಿಟ್ಟ ಮರುದಿನವೇ ಅದು ಅವರ ಕೈತಪ್ಪಿಹೋಗುತ್ತದೆ. ಇಂಕ್‌ಸ್ಕೇಪ್ ಉಚಿತ ಮಾತ್ರವಲ್ಲ, ಮುಕ್ತ ತಂತ್ರಾಂಶವೂ ಆಗಿರುವುದರಿಂದ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿಯೂ, ಮುಂದೆ ತಾವೇ ತೆರೆಯುವ ಹೊಲಿಗೆ ಅಂಗಡಿಯಲ್ಲಿಯೂ ಯಾರ ಅನುಮತಿಯನ್ನೂ ಕೇಳದೆ ಬಳಸಬಹುದು ಎಂಬುದು ನನಗೆ ಮುಖ್ಯವಾಗಿ ಕಂಡಿತು.

ನನ್ನ ಆತಂಕ ಬೇರೆ. ಎರಡು ವರ್ಷಗಳ ಹಿಂದೆ ಇಂತಹದೇ ಒಂದು ಪ್ರಯತ್ನ ನಡೆದಿತ್ತು. ಹೊರಗಿನವರು ಬಂದು ಎರಡು ದಿನ ಕಾರ್ಯಾಗಾರ ನಡೆಸಿದರು, ಪ್ರಮಾಣಪತ್ರಗಳನ್ನು ಹಂಚಿದರು. ಮೂರನೆಯ ವಾರ ಲ್ಯಾಬಿನಲ್ಲಿ ನಾನೊಬ್ಬಳೇ ಕುಳಿತಿದ್ದೆ. ಈ ಬಾರಿ ಹಾಗಾಗಬಾರದು. ಇದನ್ನು ಇನ್ನೊಂದು ತರಗತಿಯನ್ನಾಗಿ ಮಾಡದೆ, ಆದರೆ ಹುಡುಗಿಯರ ಕೈಯನ್ನೂ ಬಿಡದೆ ಬೆಂಬಲಿಸುವುದು ಹೇಗೆ? ನಾನೂ ಈಗಷ್ಟೇ ಕಲಿಯುತ್ತಿರುವವಳು ಎಂಬುದನ್ನು ಮರೆಯದೆ ಸಲಹೆ ಕೊಡಿ.

ಉತ್ತರ 1: ಗ್ರಾಫಿಕ್ ಡಿಸೈನರ್, ಬೆಂಗಳೂರು

ಮೇಡಂ, ನಾವು ಓದುವಾಗ ಕಟ್ಟಿದ ಬಳಗವೂ ನಿಂತುಹೋಯಿತು. ಅದಕ್ಕೆ ಕಾರಣ ಆಸಕ್ತಿಯ ಕೊರತೆಯಲ್ಲ. ಎಲ್ಲವನ್ನೂ ಬಲ್ಲ ಮೂವರು ಸೀನಿಯರ್‌ಗಳು ಒಟ್ಟಿಗೆ ಕಾಲೇಜು ಬಿಟ್ಟರು, ಅವರ ಫೈಲುಗಳು ಅವರವರ ಲ್ಯಾಪ್‌ಟಾಪ್‌ಗಳೊಂದಿಗೇ ಹೋದವು. ಡಿಪ್ಲೊಮಾ ಮೂರೇ ವರ್ಷದ್ದು, ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ಹೋಗಿಬಿಡುತ್ತದೆ. ಆದ್ದರಿಂದ ನಿಮ್ಮ ಹುಡುಗಿಯರು ನಾಲ್ಕನೆಯ ಸೆಮಿಸ್ಟರ್‌ನಲ್ಲಿರುವಾಗಲೇ ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲು ಆರಂಭಿಸಬೇಕು, ಮೌಸ್ ಮಾತ್ರ ಕಿರಿಯಳ ಕೈಯಲ್ಲಿಯೇ ಇರಬೇಕು. ಮಾಡಿದ ಪ್ರತಿಯೊಂದು ಎಸ್‌ವಿಜಿ ಫೈಲೂ (ಇಂಕ್‌ಸ್ಕೇಪ್ ಚಿತ್ರಗಳನ್ನು ಉಳಿಸುವ ರೂಪ) ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಮತ್ತು ನಿಮ್ಮ ಪೆನ್‌ಡ್ರೈವ್‌ನಲ್ಲಿ ಉಳಿಯಲಿ.

ನೀವೇ ಎಲ್ಲವನ್ನೂ ಬಲ್ಲವರಾಗಿರಬೇಕಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಇಂಕ್‌ಸ್ಕೇಪ್ ಬಗ್ಗೆ ಚಿಕ್ಕ ಚಿಕ್ಕ ಪಾಠಗಳಿವೆ. ಪರದೆಯ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ತಂತ್ರಾಂಶ ತೆರೆದಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ಮಾಡುತ್ತಾ ಹೋಗುವ ಕ್ರಮ ಅದು.

ಉತ್ತರ 2: ಕಸೂತಿ ಕಲಿಸುವವಳು, ಹುಬ್ಬಳ್ಳಿ

ಮೇಲಿನವರ ಮಾತು ಸರಿ. ಆದರೆ ಪಾಠ ನೋಡುವುದಕ್ಕಾಗಿ ಮಾತ್ರ ಯಾರೂ ಪ್ರತಿ ಶನಿವಾರ ಬರುವುದಿಲ್ಲ. ಕೈಯಲ್ಲಿ ತಮ್ಮದೇ ಒಂದು ಕೆಲಸ ಇರಬೇಕು. ನಿಮ್ಮ ಊರಿನ ಕಡೆಯಲ್ಲಿ ಆ ಕೆಲಸವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಎಳೆ ಎಣಿಸಿ ಬೆಳೆದ ವಿನ್ಯಾಸ ಚೌಕಳಿಯ ಮೇಲೆ ತಾನಾಗಿಯೇ ಕೂರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಗ್ರಿಡ್ ತೆರೆದು, ಬಿಂದುಗಳು ಗ್ರಿಡ್ಡಿಗೇ ಅಂಟಿಕೊಳ್ಳುವಂತೆ ಸ್ನ್ಯಾಪಿಂಗ್ ಇಟ್ಟುಕೊಂಡರೆ ಒಂದು ಚೌಕ ಒಂದು ಹೊಲಿಗೆಯಾಗುತ್ತದೆ.

ನಾನು ಇಬ್ಬರು ಹುಡುಗಿಯರೊಂದಿಗೆ ಕಸೂತಿಯ ಗವಂತಿ ಹೊಲಿಗೆಯಿಂದಲೇ ಆರಂಭಿಸಿದೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಹೀಗಾಗಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತವೆ. ಹೋಗುವ ಹೊಲಿಗೆಗಳನ್ನು ಕೆಂಪಿನಲ್ಲಿ, ಬರುವ ಹೊಲಿಗೆಗಳನ್ನು ನೀಲಿಯಲ್ಲಿ, ಎರಡು ಬೇರೆ ಬೇರೆ ಲೇಯರ್‌ಗಳಲ್ಲಿ, ಅಂದರೆ ಒಂದರ ಮೇಲೊಂದು ಕೂರುವ ಪದರಗಳಲ್ಲಿ, ಬಿಡಿಸಿದೆವು. ಒಂದು ಲೇಯರನ್ನು ಮರೆಮಾಡಿದಾಗ, ಸೂಜಿ ತೇರಿನ ತುದಿಯಿಂದ ಹೇಗೆ ಹಿಂತಿರುಗಬೇಕು ಎಂಬುದು ಕಣ್ಣಿಗೆ ಕಂಡಿತು. ಅಲ್ಲಿಯವರೆಗೆ ನಾನದನ್ನು ಬಾಯಿಮಾತಿನಲ್ಲಿ ಹತ್ತು ಸಲ ಹೇಳಿ ಸೋತಿದ್ದೆ. ಇಳಕಲ್ ಸೀರೆಯ ಮೇಲೆ ಹಾಕುವ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮನೆಯ ಹಿರಿಯರಿಂದ ಕೇಳಿ ತಂದು, ಒಬ್ಬೊಬ್ಬಳೂ ಒಂದೊಂದನ್ನು ಬಿಡಿಸಲಿ. ಕಸೂತಿಯ ಉಳಿದ ಹೊಲಿಗೆಗಳಾದ ಮುರಗಿ, ನೇಗಿ, ಮೆಂತಿಗಳು ಆಮೇಲೆ ಬರಲಿ. ಮೆಂತಿಯಲ್ಲಿ ಹೊಲಿಗೆಗಳು ಒತ್ತೊತ್ತಾಗಿ ಬರುವುದರಿಂದ ಕಲಿಯುವವರಿಗೆ ಮೊದಲಿಗೆ ಬೇಸರ ತರಿಸುತ್ತದೆ.

ಉತ್ತರ 3: ಮುದ್ರಣಾಲಯದವರು, ಗದಗ

ಬಿಡಿಸಿದ ವಿನ್ಯಾಸಗಳನ್ನು ಒಂದು ಚಿಕ್ಕ ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಎಂದು ನಾನು ಸೇರಿಸುತ್ತೇನೆ. ತಮ್ಮ ಕೆಲಸ ಕಾಗದದ ಮೇಲೆ ಬಂದುದನ್ನು ಕಂಡ ಮಕ್ಕಳು ಮತ್ತೆ ಬರುತ್ತಾರೆ. ಆದರೆ ಇಲ್ಲಿ ಎರಡು ಕಡೆ ಎಡವುವುದನ್ನು ದಿನವೂ ನೋಡುತ್ತಿದ್ದೇನೆ. ಮೊದಲನೆಯದು ಅಕ್ಷರ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರಗಳ ಸಮೇತ ಸರಿಯಾಗಿಯೇ ಮೂಡುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಿಗೆ ಒಗ್ಗಿಕೊಂಡ ಡಿಟಿಪಿ ಅಂಗಡಿಯಲ್ಲಿ ಅದೇ ಫೈಲನ್ನು ತೆರೆದರೆ 'ವಾರ್ಷಿಕ' ಎಂಬಲ್ಲಿ ಅರ್ಕಾವತ್ತು ಒಂದು ಕಡೆ, ಗುಣಿತ ಇನ್ನೊಂದು ಕಡೆ ಬಿದ್ದಿರುತ್ತದೆ. ಕೊಡುವ ಮುನ್ನ ಅಕ್ಷರಗಳನ್ನು 'ಆಬ್ಜೆಕ್ಟ್ ಟು ಪಾತ್' ಮೂಲಕ ಆಕೃತಿಗಳಾಗಿ ಬದಲಿಸಿ, ಪಿಡಿಎಫ್ ಮಾಡಿ ಕೊಡಿ. ಹಾಗೆ ಬದಲಿಸಿದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ, ಆದ್ದರಿಂದ ಮೂಲ ಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳಿ.

ಎರಡನೆಯದು ಬಣ್ಣ. ಇಂಕ್‌ಸ್ಕೇಪ್ ಕೊಡುವ ಪಿಡಿಎಫ್ ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ ಬಣ್ಣಗಳಲ್ಲಿರುತ್ತದೆ, ನಮ್ಮ ಆಫ್‌ಸೆಟ್ ಯಂತ್ರ ಓಡುವುದು ಸಿಎಂವೈಕೆ ಎಂಬ ನಾಲ್ಕು ಶಾಯಿಗಳ ಬಣ್ಣಗಳಲ್ಲಿ. ಪರದೆಯ ಮೇಲಿನ ಇಳಕಲ್ ಕೆಂಪು ಕಾಗದದ ಮೇಲೆ ಮಂಕಾಗುವುದು ಇದರಿಂದಲೇ. ಪುಟಗಳನ್ನು ಸ್ಕ್ರೈಬಸ್ ಎಂಬ ಪುಟವಿನ್ಯಾಸದ ಮುಕ್ತ ತಂತ್ರಾಂಶದಲ್ಲಿ ಜೋಡಿಸಿದರೆ ಸಿಎಂವೈಕೆ ಸಿಗುತ್ತದೆ. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿ ಕನ್ನಡದ ಒತ್ತಕ್ಷರಗಳನ್ನೂ ಸರಿಯಾಗಿ ಜೋಡಿಸುತ್ತದೆ, ಹಳೆಯ 1.4 ಅದನ್ನು ಮಾಡುತ್ತಿರಲಿಲ್ಲ. ಕಾಗದ ಕತ್ತರಿಸುವಾಗ ಹೋಗುವುದಕ್ಕೆಂದು ಪುಟದ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಅಂಚು ಬಿಡುವುದನ್ನು ಮರೆಯಬೇಡಿ. ಸಾಧ್ಯವಾದರೆ ಹುಡುಗಿಯರನ್ನು ಒಂದು ದಿನ ಹತ್ತಿರದ ಯಾವುದಾದರೂ ಪ್ರೆಸ್ಸಿಗೆ ಕರೆದುಕೊಂಡು ಹೋಗಿ, ಅಚ್ಚಿನ ಪ್ಲೇಟ್ ತೆಗೆಯುವುದನ್ನು ತೋರಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆಯ ಶನಿವಾರ ಗ್ರಿಡ್ ಹಾಕಿ ಗವಂತಿಯ ಚಿಕ್ಕ ಗೋಪುರವೊಂದನ್ನು ಆರಂಭಿಸಿದೆವು. ಗಂಟೆ ನಾಲ್ಕಾದರೂ ಐವರು ಏಳಲಿಲ್ಲ. ಒಬ್ಬಳು ತನ್ನ ಅಜ್ಜಿಯ ಸೀರೆಯ ಸೆರಗನ್ನು ಫೋಟೊ ತೆಗೆದು ತಂದಿದ್ದಳು, ಆದರೆ ಫೋಟೊ ಓರೆಯಾಗಿರುವುದರಿಂದ ಎಳೆಗಳು ಗ್ರಿಡ್ಡಿಗೆ ಹೊಂದುತ್ತಿಲ್ಲ. ಹುಬ್ಬಳ್ಳಿಯ ಮೇಡಂ, ನೀವು ಫೋಟೊವನ್ನು ಕೆಳಗಿಟ್ಟು ಬಿಡಿಸುತ್ತೀರಾ, ಅಥವಾ ಸೀರೆಯನ್ನೇ ಮುಂದಿಟ್ಟುಕೊಂಡು ಎಣಿಸುತ್ತೀರಾ?

ಉತ್ತರ 2 ಬರೆದವರಿಂದ

ಸೀರೆಯನ್ನೇ ಮುಂದಿಟ್ಟುಕೊಂಡು ಎಣಿಸುತ್ತೇವೆ. ಒಬ್ಬಳು ಎಣಿಸಿ ಹೇಳಲಿ, ಇನ್ನೊಬ್ಬಳು ಬಿಡಿಸಲಿ. ಅಜ್ಜಿಯೂ ಬರುವಂತಿದ್ದರೆ ದಯವಿಟ್ಟು ಕರೆಯಿರಿ. ಎಲ್ಲಿಂದ ಆರಂಭಿಸಿದರು ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ.